ಎಡಕ್ಕೆ ವಾಲಿದ ಎರಡು

ಶ್ಯಾಮಸುಂದರ ನಿವೃತ್ತರಾದ ದಿನ ಕಾರ್ಖಾನೆಯವರು ಅವರಿಗೆ ಒಂದು ಗೋಡೆ ಗಡಿಯಾರ, ಒಂದು ಶಾಲು, ಒಂದು ಏಲಕ್ಕಿ ಹಾರ ಕೊಟ್ಟು ಬೀಳ್ಕೊಟ್ಟರು. ಇವಲ್ಲದೆ ಅವರು ತಾವಾಗಿಯೇ ಎತ್ತಿಕೊಂಡು ಬಂದದ್ದು ಕೆಂಪು ಚೀಟಿಗಳ ಹನ್ನೆರಡು ಕಟ್ಟು. ತಪಾಸಣೆ ವಿಭಾಗದಲ್ಲಿ ನಲವತ್ತು ವರ್ಷ ಕೂತು, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ, ತಪ್ಪಿದ್ದ ವಸ್ತುವಿನ ಕೊರಳಿಗೆ ಆ ಚೀಟಿ ಕಟ್ಟುವುದೇ ಅವರ ಉದ್ಯೋಗವಾಗಿತ್ತು. ಚೀಟಿಯಲ್ಲಿ ತುಂಬಬೇಕಾದ ಸಾಲುಗಳು ಮೂರು: ದೋಷ, ಕೆಲಸಗಾರ, ತಪಾಸಣೆ. ಅವುಗಳ ಕೆಳಗೆ ದಪ್ಪಕ್ಷರದಲ್ಲಿ ‘ತಿರಸ್ಕೃತ’ ಎಂದು ಮೊದಲೇ ಅಚ್ಚಾಗಿರುತ್ತಿತ್ತು. ‘ಸ್ವೀಕೃತ’ ಎನ್ನುವ ಹಸಿರು ಚೀಟಿಯೂ ಇತ್ತು. ಆದರೆ ಅದರ ಕಟ್ಟುಗಳು ಅವರ ಮೇಜಿನಲ್ಲಿ ಕೂತಲ್ಲೇ ಗೆದ್ದಲು ಹಿಡಿದಿದ್ದರಿಂದ ತರಲಾಗಲಿಲ್ಲ.

ಅವರು ಬಿಟ್ಟ ಮರುವರ್ಷ ಕಾರ್ಖಾನೆ ಮುಚ್ಚಿತು. ತುಮಕೂರು ರಸ್ತೆಯ ಆ ಜಾಗದಲ್ಲಿ ಈಗ ಮೂವತ್ತು ಮಹಡಿಯ ಮನೆಗಳು ಏಳುತ್ತಿವೆ. ಸರ್ಕಾರದ ನೀತಿ, ಹೊರದೇಶದ ಪೈಪೋಟಿ ಎಂದು ಬೇರೆಯವರು ನೂರು ಕಾರಣ ಹೇಳಿದರು. ತಪ್ಪು ಹುಡುಕುವವರು ಯಾರೂ ಉಳಿಯದ್ದೇ ಕಾರಣ ಎಂದು ಶ್ಯಾಮಸುಂದರ ಮನಸಾರೆ ನಂಬಿದ್ದರು.

ಮಾಕಳಿಯ ಪಕ್ಕದಲ್ಲಿ ನೌಕರರೆಲ್ಲ ಸಂಘ ಮಾಡಿಕೊಂಡು ಕಟ್ಟಿದ ಬಡಾವಣೆಯಲ್ಲಿ ಅವರ ಮನೆ. ಕೆಂಪು ಚೀಟಿಗಳು ಅಲ್ಲಿ ಎರಡನೆಯ ಸೇವಾವಧಿ ಆರಂಭಿಸಿದವು. ಪ್ಲಂಬರ್ ಹಾಕಿಹೋದ ನಲ್ಲಿಗೆ ಒಂದು, ಸಂಪಿನ ಮುಚ್ಚಳಕ್ಕೆ ಒಂದು, ಪಕ್ಕದ ಮನೆಯವರ ಗೇಟು ಅರ್ಧ ಇಂಚು ಇಳಿದಿದೆ ಎಂದು ಅವರ ಗೇಟಿಗೂ ಒಂದು. ಒಮ್ಮೆ ಹೆಂಡತಿ ಪ್ರಭಾ ಮಾಡಿದ ಮೈಸೂರುಪಾಕಿನ ಡಬ್ಬಿಗೂ ಒಂದು ಚೀಟಿ ನೇತಾಡಿತು: ‘ದೋಷ: ಚೌಕ ಅಲ್ಲ.’ ಪ್ರಭಾ ಆ ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಮುಂದಿನ ಹನ್ನೊಂದು ತಿಂಗಳು ಮೈಸೂರುಪಾಕು ಮಾಡಲಿಲ್ಲ.

ಇಂಥ ಮನುಷ್ಯನಿಗೆ ಒಂದು ಹವ್ಯಾಸ ಬೇಕಿತ್ತು, ಇಲ್ಲದಿದ್ದರೆ ಬಡಾವಣೆಯವರು ಮನೆ ಮಾರಿ ಓಡಿಹೋಗುತ್ತಿದ್ದರು. ದೇವರು ದೊಡ್ಡವನು, ಹಳೆಯ ನಾಣ್ಯ ತೋರಿಸಿದ. ಅದರಲ್ಲೂ ಸವೆದ ನಾಣ್ಯ. ಅದರಲ್ಲೂ ಓವರ್‌ಡೇಟ್ ಎಂಬ ಸೂಕ್ಷ್ಮಾತಿಸೂಕ್ಷ್ಮ ತಪ್ಪು.

ಅದೇನೆಂದರೆ, ಹಿಂದೆ ಟಂಕಸಾಲೆಯಲ್ಲಿ ವರ್ಷ ಮುಗಿದರೂ ಅಚ್ಚು ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಬಿಸಾಡುತ್ತಿರಲಿಲ್ಲ. ಇಸವಿಯ ಕೊನೆಯ ಅಂಕಿಯ ಮೇಲೆ ಹೊಸ ಅಂಕಿ ಹೊಡೆದು ಮುಂದುವರಿಸುತ್ತಿದ್ದರು. ಪಾಟಿಯ ಮೇಲೆ ನಿನ್ನೆಯ ತಾರೀಖು ಸರಿಯಾಗಿ ಒರೆಸದೆ ಇವತ್ತಿನದು ಬರೆದ ಹಾಗೆ. ಆ ಅಚ್ಚಿನಿಂದ ಬಂದ ನಾಣ್ಯದಲ್ಲಿ ಹೊಸ ಅಂಕಿಯ ಹೊಟ್ಟೆಯೊಳಗೋ ಕತ್ತಿನ ಕೆಳಗೋ ಹಳೆಯ ಅಂಕಿಯ ಒಂದು ಗೆರೆ ಉಳಿದಿರುತ್ತದೆ. ಹೊಸ ನಾಣ್ಯದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ನೂರು ವರ್ಷ ಕೈಯಿಂದ ಕೈಗೆ ಉಜ್ಜಿ ಸವೆದದ್ದರಲ್ಲಿ ನೋಡುವುದು ಬೇರೆ. ಗೀಚು, ಕಿಲುಬು, ಯಾರೋ ಕಲ್ಲಿಗೆ ಬಡಿದ ಏಟು, ಎಲ್ಲವೂ ಆಸೆಪಟ್ಟ ಕಣ್ಣಿಗೆ ಅಂಕಿಯಾಗಿಯೇ ಕಾಣುತ್ತದೆ.

ಈ ಆಸೆಗೆ ಲಗಾಮು ಹಾಕಲೆಂದು ಶ್ಯಾಮಸುಂದರ ಎರಡು ನಿಯಮ ಮಾಡಿದ್ದರು. ಒಂದು, ನಾಲ್ಕೂ ಕಡೆಯಿಂದ ಓರೆಯಾಗಿ ಬೆಳಕು ಬಿಟ್ಟು ನೋಡಬೇಕು. ನಾಲ್ಕರಲ್ಲೂ ಗೆರೆ ಕಾಣಬೇಕು. ಎರಡು, ಒಂದೇ ನಾಣ್ಯ ನಂಬಬಾರದು. ಅದೇ ಅಚ್ಚಿನ ಇನ್ನೊಂದು ನಾಣ್ಯ ಸಿಗಬೇಕು, ಅದರಲ್ಲೂ ಹಳೆಯ ಅಂಕಿಯ ಗೆರೆ ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ಆಚೀಚೆ ಆಗದೆ ಇರಬೇಕು. ಎರಡೂ ಅಂಕಿ ಕೂತಿರುವುದು ಒಂದೇ ಅಚ್ಚಿನಲ್ಲಾದ್ದರಿಂದ ಅವುಗಳ ನಡುವಿನ ಅಂತರ ಬದಲಾಗಲು ಸಾಧ್ಯವೇ ಇಲ್ಲ. ಒಳ್ಳೆಯ ನಿಯಮಗಳು, ತಪ್ಪು ಹೇಳುವ ಹಾಗಿಲ್ಲ.

ತಿಂಗಳ ಎರಡನೆಯ ಭಾನುವಾರ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಾಣ್ಯಪ್ರಿಯರ ಬಳಗ ಸೇರುತ್ತಿತ್ತು. ಶ್ಯಾಮಸುಂದರ ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಇಳಿಯುತ್ತಿದ್ದರು. ಟೇಬಲ್ ಟೆನಿಸ್ ಆಡುವ ಮೇಜಿನ ಮೇಲೆ, ನಡುವಿನ ಬಲೆಯನ್ನೂ ಬಿಚ್ಚದೆ, ಸದಸ್ಯರು ನಾಣ್ಯ ಹರಡುತ್ತಿದ್ದರು. ಬಲೆಯ ಆಚೆ ಸದಸ್ಯರು, ಈಚೆ ಶ್ಯಾಮಸುಂದರ ಮತ್ತು ಅವರ ಹತ್ತು ಪಟ್ಟಿನ ಭೂತಗನ್ನಡಿ. ಐದು ವರ್ಷದಲ್ಲಿ ಆ ಬಲೆ ದಾಟಿ ಬಂದ ಅರವತ್ತೆಂಟು ಓವರ್‌ಡೇಟ್‌ಗಳಲ್ಲಿ ಅರವತ್ತೆಂಟಕ್ಕೂ ಕೆಂಪು ಚೀಟಿ ಬಿದ್ದಿತ್ತು.

ಬಳಗದ ಕಾರ್ಯದರ್ಶಿ ಅಂಬರೀಶ್ ಒಂದು ದೊಡ್ಡ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್. ನಾಣ್ಯದ ಬಗ್ಗೆ ಮಾತಾಡುವಾಗಲೂ ರೋಡ್‌ಮ್ಯಾಪ್, ಡೆಲಿವರಿ ಎನ್ನುತ್ತಿದ್ದವನು. ಅವನು ಮುತುವರ್ಜಿಯಿಂದ ತಂದ ಬೆಳ್ಳಿ ರೂಪಾಯಿಯಲ್ಲಿ ಅಡಗಿದ್ದ ‘ಏಳು’ ಹಲ್ಲಿನಿಂದ ಕಚ್ಚಿದ ಗುರುತು ಎಂದು ಎಲ್ಲರೆದುರು ತೀರ್ಪಾಗಿತ್ತು. ಬಡಾವಣೆಯ ಮೂರನೇ ರಸ್ತೆಯ ವಿಶ್ವನಾಥ್ ಕಥೆ ಇನ್ನೂ ದಾರುಣ. ಅವರೂ ಅದೇ ಕಾರ್ಖಾನೆಯಲ್ಲಿ, ಶ್ಯಾಮಸುಂದರ ಸೇರಿದ ದಿನವೇ ಸೇರಿ, ಕೊನೆಗೆ ಉಗ್ರಾಣದಲ್ಲಿ ನಿವೃತ್ತರಾದವರು. ಅವರ ಹದಿನಾಲ್ಕು ನಾಣ್ಯ ತಿರಸ್ಕೃತವಾಗಿದ್ದವು, ಒಂದರ ಚೀಟಿಯಲ್ಲಿ ‘ದೋಷ: ಎಲೆ ಅಡಿಕೆ’ ಎಂದಿತ್ತು. ಆದರೂ ವಿಶ್ವನಾಥ್ ಪ್ರತಿ ತಿಂಗಳೂ ಬರುತ್ತಿದ್ದರು, ಆಸೆ ಬಿಡುವ ಪೈಕಿ ಅಲ್ಲ.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಪ್ರಭಾ ದೇವರ ತಟ್ಟೆಯ ಸಾಮಾನನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ, ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು. ಹಿತ್ತಾಳೆ ದೀಪ, ಗಂಟೆ, ಜೊತೆಗೆ ಲಕ್ಷ್ಮಿಯ ಮುಂದಿಡುವ ಒಂದು ತಾಮ್ರದ ಕಾಲಾಣೆ. ಬರುವಾಗಲೇ ಸವೆದಿದ್ದು, ಮೇಲೆ ಮೂವತ್ತೈದು ವರ್ಷದಿಂದ ಪ್ರತಿ ಶುಕ್ರವಾರ ಉಜ್ಜಿಸಿಕೊಂಡು ಐದನೇ ಜಾರ್ಜ್ ರಾಜನ ಮುಖದಲ್ಲಿ ಮೂಗು ಯಾವುದು ಗಡ್ಡ ಯಾವುದು ತಿಳಿಯದ ಹಾಗೆ ಆಗಿತ್ತು. ಕಾಫಿ ಲೋಟ ಹಿಡಿದು ಬಂದ ಶ್ಯಾಮಸುಂದರರ ಕಣ್ಣಿಗೆ ಆ ಓರೆ ಬಿಸಿಲಿನಲ್ಲಿ ನಾಣ್ಯದ ಇಸವಿ ಬಿತ್ತು. 1912. ಕೊನೆಯ ಎರಡರ ಹೊಟ್ಟೆಯೊಳಗೆ ಒಂದು ನೆಟ್ಟನೆಯ ಗೆರೆ.

ಅವರು ಲೋಟ ಕೆಳಗಿಟ್ಟರು. ಭೂತಗನ್ನಡಿ ತಂದರು, ಟಾರ್ಚ್ ತಂದರು, ನಾಲ್ಕು ಕಡೆಯಿಂದ ಬೆಳಕು ಬಿಟ್ಟರು. ನಾಲ್ಕರಲ್ಲೂ ಗೆರೆ ಇತ್ತು. ಎರಡರ ಕೆಳಗೆ ಒಂದು. ಅರವತ್ತೆಂಟು ನಾಣ್ಯಕ್ಕೆ ಇಲ್ಲ ಎಂದ ಮನುಷ್ಯನ ಮನೆಯ ದೇವರ ತಟ್ಟೆಯಲ್ಲೇ ಅದು ಕೂತಿತ್ತು. ಪ್ರಭಾ ನಾಣ್ಯ ಕೇಳಿದಾಗ ಜೇಬಿನಿಂದ ಹೊಳೆಯುವ ಹತ್ತು ರೂಪಾಯಿ ತೆಗೆದು ತಟ್ಟೆಗೆ ಹಾಕಿ, ಲಕ್ಷ್ಮಿಗೆ ಇದರಿಂದ ಲಾಭವೇ ಆಯಿತು ಎಂದರು. ಅತ್ತೆ ಕೊಟ್ಟದ್ದು ಅದು ಎಂದು ಪ್ರಭಾ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಗಂಡ ಕೋಣೆ ಸೇರಿ ಬಾಗಿಲು ಹಾಕಿಕೊಂಡಾಗಿತ್ತು.

ಅತ್ತೆ ಕೊಟ್ಟದ್ದು ಎಂಬಷ್ಟು ಮಾತು ಮಾತ್ರ ಅವರ ಕಿವಿಗೆ ಬಿದ್ದಿತ್ತು, ಅಷ್ಟೇ ಸಾಕಾಯಿತು. ಸಂಜೆಯೊಳಗೆ ಆ ನಾಣ್ಯಕ್ಕೆ ವಂಶಾವಳಿ ಸಿದ್ಧವಾಯಿತು. ಅಮ್ಮನಿಗೆ ಅವರ ಅಜ್ಜನಿಂದ ಬಂದಿರಬೇಕು; ಆ ಅಜ್ಜ ಶಾನುಭೋಗರು; ಶಾನುಭೋಗರ ಕೈಗೆ ಬರುವ ನಾಣ್ಯ ಖಜಾನೆಯಿಂದ ನೇರವಾಗಿಯೇ ಬಂದಿರಬೇಕು. ಒಂದೊಂದು ‘ಬೇಕು’ ಸೇರಿಸಿದಾಗಲೂ ಮುತ್ತಜ್ಜನ ಪೇಟ ಸ್ವಲ್ಪ ದೊಡ್ಡದಾಗುತ್ತಿತ್ತು.

ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ನೀಲಪ್ಪ ಬಾಡಿಗೆಗಿದ್ದ. ಯಾದಗಿರಿ ಕಡೆಯವನು, ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸ. ಅವನು ಶಿಫ್ಟ್ ಮುಗಿಸಿ ಬರುತ್ತಿದ್ದಂತೆ ಶ್ಯಾಮಸುಂದರ ಕರೆದು, ಸಾಮಾನ್ಯ ಮನುಷ್ಯನಿಗೂ ಕಾಣುತ್ತದೋ ನೋಡೋಣ ಎಂದು ನಾಣ್ಯ, ಭೂತಗನ್ನಡಿ ಎರಡನ್ನೂ ಅವನ ಕೈಗೆ ಕೊಟ್ಟರು. ನೀಲಪ್ಪ ಭೂತಗನ್ನಡಿ ಪಕ್ಕಕ್ಕಿಟ್ಟ. ಹೆಬ್ಬೆರಳಿನಿಂದ ಒಮ್ಮೆ ರಾಜನ ಮುಖ ಸವರಿದ, ತಿರುಗಿಸಿ ಒಮ್ಮೆ ಇಸವಿ ಸವರಿದ.

“ಸಾಹೇಬ್ರ, ರಾಜಾನ ಮಾರಿ ಪೂರಾ ಸವದೈತ್ರಿ,” ಎಂದ. “ಈ ಎರಡು ಮಾತ್ರ ಅಷ್ಟು ಸವದಿಲ್ಲಲ್ರಿ. ಆಮ್ಯಾಲ ಒತ್ತಿದಂಗ ಐತಿ.”

ಶ್ಯಾಮಸುಂದರ ಅನುಕಂಪದಿಂದ ನಕ್ಕರು. ಉಬ್ಬಿದ ಮುಖ ಮೊದಲು ಸವೆಯುತ್ತದೆ, ತಗ್ಗಿನಲ್ಲಿರುವ ಇಸವಿ ಬಚಾವಾಗುತ್ತದೆ ಎಂದು ಅವನನ್ನು ನಿಲ್ಲಿಸಿಕೊಂಡು ಇಪ್ಪತ್ತು ನಿಮಿಷ ವಿವರಿಸಿದರು. ಒಂಬತ್ತಾಗಲಿ, ಪಕ್ಕದ ಒಂದಾಗಲಿ ಅದೇ ತಗ್ಗಿನಲ್ಲಿದ್ದೂ ಸವೆದದ್ದೇಕೆ ಎಂದು ಅವನು ಕೇಳಲಿಲ್ಲ. ಹಸಿದಿದ್ದ, ಹೌದ್ರಿ ಹೌದ್ರಿ ಎಂದು ಮೇಲೆ ಹೋದ.

ಮುಂದಿನ ಭಾನುವಾರ ವೈಟ್‌ಫೀಲ್ಡಿನಲ್ಲಿ ಶ್ಯಾಮಸುಂದರ ಮೊದಲ ಬಾರಿಗೆ ಬಲೆಯ ಆ ಕಡೆ ನಿಂತರು. ನಾಣ್ಯವನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಒಂದು ಗಂಟೆ ಮಾತಾಡಿದರು. ಮುತ್ತಜ್ಜನಿಗೆ ಹತ್ತು ನಿಮಿಷ, ಬೆಳಕಿನ ಕೋನಕ್ಕೆ ಇಪ್ಪತ್ತು, ಉಳಿದ ಅರ್ಧ ಗಂಟೆ ನೂರು ವರ್ಷದ ಹಿಂದೆ ಆ ಎರಡನ್ನು ಹೊಡೆದ ಅಪರಿಚಿತ ಕೆಲಸಗಾರನಿಗೆ. ನೋಡಿ, ಅಂಕಿ ಎಡಕ್ಕೆ ವಾಲಿದೆ. ನೋಡಿ, ಪಾದದ ತುದಿ ಮುರಿದಿದೆ. ಉಳಿ ಹಿಡಿಯಲು ಬಾರದವನು, ಮೈಗಳ್ಳ, ಗಮನ ಬೇರೆಲ್ಲೋ ಇದ್ದವನು. ಇಂಥವನನ್ನು ನಮ್ಮ ಕಾರ್ಖಾನೆಯ ತರಬೇತಿ ಶೆಡ್ಡಿನ ಬಾಗಿಲೊಳಗೂ ಬಿಡುತ್ತಿರಲಿಲ್ಲ, ಎಂದರು. ಸಭೆ ನಕ್ಕಿತು. ಐದು ವರ್ಷದಿಂದ ಬೈಸಿಕೊಂಡವರಿಗೆ ಬೇರೊಬ್ಬ ಬೈಸಿಕೊಳ್ಳುವುದು ನೋಡಿ ನಿಜಕ್ಕೂ ಸಂತೋಷವಾಗಿತ್ತು.

ಬಳಗ ಆ ವರ್ಷ ಒಂದು ಕ್ಯಾಟಲಾಗ್ ಅಚ್ಚು ಹಾಕಿಸುತ್ತಿತ್ತು. ಎರಡನೆಯ ನಾಣ್ಯವೊಂದು ಸಿಕ್ಕಿದರೆ ನಲವತ್ತೊಂದನೇ ಪುಟದಲ್ಲಿ ‘ಶ್ಯಾಮಸುಂದರ ಪ್ರಭೇದ’ ಎಂದೇ ಹೆಸರಿಟ್ಟು ಸೇರಿಸೋಣ ಎಂದು ಅಂಬರೀಶ್ ಘೋಷಿಸಿದ. ನಿಯಮ ನಿಮ್ಮದೇ ಅಲ್ಲವಾ ಸಾರ್ ಎಂದು ವಿನಯದಿಂದ ನೆನಪಿಸಿದ. ಆ ಹೆಸರು ಶ್ಯಾಮಸುಂದರರ ಎದೆಗೆ ನಾಟಿತು. ನಲವತ್ತು ವರ್ಷದಲ್ಲಿ ಅವರ ಹೆಸರು ಅಚ್ಚುಕಟ್ಟಾಗಿ ಕಾಣಿಸಿಕೊಂಡದ್ದು ಗುಜರಿಗೆ ಹೋಗುವ ಸಾಮಾನಿನ ಕೊರಳಲ್ಲಿ ಮಾತ್ರ. ಪುಸ್ತಕದಲ್ಲಿ, ಉಳಿಯುವಂಥ ಒಂದು ವಸ್ತುವಿನ ಪಕ್ಕದಲ್ಲಿ, ತಮ್ಮ ಹೆಸರಿರಬೇಕು ಎಂಬ ಆಸೆ ಅವರಿಗೆ ಇತ್ತೆನ್ನುವುದು ಅವರಿಗೇ ಅಂದು ಗೊತ್ತಾಯಿತು.

ಎರಡು ತಿಂಗಳು ಅವರು ಗುಜರಿ ಅಂಗಡಿ, ಚಿನ್ನದಂಗಡಿ, ಸಂತೆ ಎಲ್ಲ ಸುತ್ತಿದರು. ಸಿಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ವಿಶ್ವನಾಥ್ ಏದುಸಿರು ಬಿಡುತ್ತ ಬಂದು ಅಂಗೈ ಬಿಚ್ಚಿದರು. 1912ರ ಕಾಲಾಣೆ. ವಾಷಿಂಗ್ ಮೆಷಿನ್ನು ಅಲುಗಾಡದಂತೆ ಅದರ ಕಾಲಡಿ ಕೊಟ್ಟಿದ್ದ ಒಂದು ತಗಡಿನ ಡಬ್ಬಿ ತುಕ್ಕು ಹಿಡಿದು ಬಾಯಿ ಬಿಟ್ಟಿತಂತೆ, ಅದರಿಂದ ಉರುಳಿತಂತೆ. ಒಳಗೆ ಇನ್ನೂ ಏನೇನೋ ಇವೆ, ಕಾಲಡಿಯಿಂದ ಎಳೆಯಬೇಕು ಎಂದರು. ಶ್ಯಾಮಸುಂದರರಿಗೆ ಅದೆಲ್ಲ ಕೇಳಿಸಲಿಲ್ಲ. ಅದೇ ಎರಡು, ಅದೇ ವಾಲು, ಅದೇ ಮುರಿದ ಪಾದ, ಹೊಟ್ಟೆಯಲ್ಲಿ ಅದೇ ಒಂದು.

ಆ ಒಂದು ಮಾತ್ರ ಕೂದಲೆಳೆಯಷ್ಟು ಬಲಕ್ಕಿತ್ತು. ಅವರಿಗೆ ಕಾಣಲಿಲ್ಲ ಎಂದಲ್ಲ, ಕಂಡಿತು. ಬೇರೆಯವರದಾಗಿದ್ದರೆ ಆ ಕೂದಲೆಳೆಯಿಂದಲೇ ನೇಣು ಹಾಕುತ್ತಿದ್ದರು. ಈಗ ಅದು ಸವೆತದ ವ್ಯತ್ಯಾಸ ಎನ್ನಿಸಿತು. ಅಂಬರೀಶನಿಗೆ ಆ ಮಧ್ಯಾಹ್ನವೇ ಫೋನ್ ಹೋಯಿತು, ಪುಸ್ತಕ ಅಚ್ಚಿಗೆ ಹೋಯಿತು. ‘ಎರಡನೆಯ ನಾಣ್ಯ: ವಿಶ್ವನಾಥ್ ಸಂಗ್ರಹ’ ಎಂದು ಸಣ್ಣಕ್ಷರದಲ್ಲಿ ವಿಶ್ವನಾಥರೂ ಇತಿಹಾಸ ಸೇರಿದರು. ಬಿಡುಗಡೆಯ ಭಾನುವಾರ ಗೊತ್ತಾಯಿತು, ಕ್ಲಬ್‌ಹೌಸಿಗೆ ಶ್ಯಾಮಸುಂದರರ ಮುಖವಿರುವ ಫ್ಲೆಕ್ಸ್ ಬಂತು. ಪ್ರಭಾ ಕೂಡ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿಟ್ಟರು.

ಶನಿವಾರ ಬೆಳಿಗ್ಗೆ ವಿಶ್ವನಾಥ್ ಡಬ್ಬಿಯನ್ನೇ ಎತ್ತಿಕೊಂಡು ಬಂದರು. ಇನ್ನೂ ಹತ್ತಿಪ್ಪತ್ತು ಪ್ರಭೇದ ಇವೆ ಮಾರಾಯ, ಎರಡನೇ ಮುದ್ರಣಕ್ಕೆ ಆಗುತ್ತೆ ಎನ್ನುತ್ತ ಊಟದ ಮೇಜಿನ ಮೇಲೆ ಸುರಿದರು. ತಾಮ್ರದ ಕಾಲಾಣೆಗಳು ಉರುಳಿ ಮಲಗಿದವು. ಶ್ಯಾಮಸುಂದರ ಖುಷಿಯಿಂದ ಮೊದಲನೆಯದು ಎತ್ತಿಕೊಂಡರು. ವಾಲಿದ ಎರಡು, ಕೆಳಗೆ ಏಳು. ಇನ್ನೊಂದು: ಅದೇ ವಾಲಿದ ಎರಡು, ಕೆಳಗೆ ಒಂಬತ್ತು. ಮತ್ತೊಂದು ತಿರುಗಿಸಿದರೆ ಜಾರ್ಜ್ ರಾಜನ ಬದಲು ವಿಕ್ಟೋರಿಯಾ ರಾಣಿ, ಹಿಂಭಾಗದಲ್ಲಿ ಅದೇ ಮುರಿದ ಪಾದದ ಎರಡು. ರಾಣಿ ಸತ್ತು ಒಂಬತ್ತು ವರ್ಷ ಕಳೆದ ಮೇಲೆ ಜಾರ್ಜ್ ಪಟ್ಟಕ್ಕೆ ಬಂದದ್ದು. ಒಬ್ಬನೇ ಕೆಲಸಗಾರ ಅದೇ ಮುರಿದ ಅಂಕಿಯನ್ನು ಅಷ್ಟು ವರ್ಷ ಜೋಪಾನ ಮಾಡಿಕೊಂಡಿದ್ದನೇ? ಹೌದು, ಅಂಥವರೂ ಇರುತ್ತಾರೆ ಎಂದು ಒಂದು ಕ್ಷಣ, ಒಂದೇ ಕ್ಷಣ, ಅವರು ನಂಬಲು ನೋಡಿದರು.

ಡಬ್ಬಿಯ ತಳದಲ್ಲಿ ಅಂಟಿದ್ದ ಒಂದು ರಟ್ಟನ್ನು ವಿಶ್ವನಾಥ್ ಕಿತ್ತರು. ಪೆನ್ಸಿಲ್ಲಿನಲ್ಲಿ ಗುಂಡಗಿನ ಅಕ್ಷರ: ‘ತರಬೇತಿ ಶೆಡ್, 1979. ತಪ್ಪಾದ ತುಂಡುಗಳು.’ ಕೆಳಗೆ ಚನಬಸಪ್ಪ ಎಂದು ಸಹಿ. ನಿವೃತ್ತಿಯಾಗುವಾಗ ಉಗ್ರಾಣದಿಂದ, ಒಳಗೇನಿದೆ ಎಂದು ನೋಡದೆ ತಂದ ಡಬ್ಬಿ ಅದು ಎಂದು ವಿಶ್ವನಾಥರಿಗೆ ಆಗ ನೆನಪಾಯಿತು.

ಚನಬಸಪ್ಪ ಅವರಿಬ್ಬರಿಗೂ ಅಚ್ಚು ಕೊರೆಯುವುದು ಕಲಿಸಿದ ಮೇಷ್ಟ್ರು, ತೀರಿಕೊಂಡು ಬಹಳ ಕಾಲವಾಗಿತ್ತು. ಶೆಡ್ಡಿಗೆ ಹೊಸ ತಾಮ್ರ ಕೊಡುತ್ತಿರಲಿಲ್ಲವಾದ್ದರಿಂದ ಅವರು ಗುಜರಿಯಿಂದ ಚಲಾವಣೆ ನಿಂತ ಕಾಲಾಣೆಗಳನ್ನು ಮೂಟೆಯಲ್ಲಿ ತರಿಸುತ್ತಿದ್ದರು. ಪ್ರತಿ ಹುಡುಗ ತನ್ನ ಪಾಲಿಗೆ ಬಂದ ಒಂದು ಅಂಕಿಯನ್ನು ಉಕ್ಕಿನ ತುಂಡಿನಲ್ಲಿ ಕೊರೆಯಬೇಕು. ಅದನ್ನು ಕೈ ಪ್ರೆಸ್ಸಿಗೆ ಹಾಕಿ, ಕಾಲಾಣೆಯ ಇಸವಿಯ ಕೊನೆಯ ಅಂಕಿಯ ಮೇಲೆ ಸರಿಯಾಗಿ ಕೂರುವಂತೆ ಒತ್ತಬೇಕು. ಹಳೆಯದು ಸ್ವಲ್ಪವೂ ಕಾಣಬಾರದು, ಅದೇ ಪರೀಕ್ಷೆ. ಏಳು ಅವಕಾಶ. ಏಳರಲ್ಲೂ ಕಂಡರೆ ಮನೆಗೆ.

ಬೇರೆಯವರ ತಪ್ಪನ್ನು ನಲವತ್ತು ವರ್ಷ ತಾರೀಖು ಸಮೇತ ನೆನಪಿಟ್ಟುಕೊಂಡ ಮನುಷ್ಯ ತನ್ನದನ್ನು ಮೊದಲ ವಾರದಲ್ಲೇ ಮರೆತಿದ್ದ. ಈಗ ಮೇಜಿನ ಮೇಲೆ ಅದು, ಕ್ಯಾಟಲಾಗ್ ಸೇರಿದ ‘ಎರಡನೆಯ ನಾಣ್ಯ’ವೂ ಸೇರಿ, ಆರು ತುಂಡಾಗಿ ಬಿದ್ದಿತ್ತು.

“ಇದು ನಿನ್ನ ಎರಡು ಕಣೋ ಶ್ಯಾಮ,” ಎಂದರು ವಿಶ್ವನಾಥ್, ಮೆಲ್ಲಗೆ. ಆಮೇಲೆ ಇನ್ನೊಂದು ನಾಣ್ಯ ಎತ್ತಿ ತೋರಿಸಿದರು. “ಇದು ನನ್ನ ಎಂಟು. ಬೂದುಗುಂಬಳ ಇದ್ದಂಗಿದೆ.”

ವಿಶ್ವನಾಥ್ ಮೊದಲು ಚೇತರಿಸಿಕೊಂಡರು. ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ, ಡಬ್ಬಿಯನ್ನು ಕಟ್ಟಡದ ಕೆಲಸ ನಡೆಯುವ ಕಡೆ ಕಾಂಕ್ರೀಟಿಗೆ ಹಾಕಿಬಿಡೋಣ, ಮುನ್ನೂರು ಪುಸ್ತಕ ಅಚ್ಚಾಗಿದೆ, ನನ್ನ ಹೆಸರೂ ಇದೆ, ಹದಿನಾಲ್ಕು ಸಲ ತಿರಸ್ಕಾರ ಮಾಡಿಸಿಕೊಂಡವನಿಗೆ ಇದೊಂದು ಉಳಿಸು ಎಂದರು. ಶ್ಯಾಮಸುಂದರರಿಗೂ ಅದೇ ಬೇಕಿತ್ತು. ಶಾಲು ಬೇಕಿತ್ತು, ಪುಟ ಬೇಕಿತ್ತು, ಇಲ್ಲದ ಮುತ್ತಜ್ಜನೂ ಬೇಕಿದ್ದ. ವಿಶ್ವನಾಥ್ ಎದ್ದುಹೋದ ಮೇಲೂ ಅವರ ಬಾಯಿಂದ ಬೇಡ ಎಂಬ ಮಾತು ಬಂದಿರಲಿಲ್ಲ.

ಪ್ರಭಾ ಮೇಜು ಒರೆಸಲು ಬಂದರು. ನಾಳೆ ಸಭೆ ಮುಗಿದ ಮೇಲಾದರೂ ಅತ್ತೆಯ ಕಾಸು ತಟ್ಟೆಗೆ ವಾಪಸು ಕೊಡಿ ಎಂದರು. ಅತ್ತೆ ಇದ್ದಷ್ಟು ದಿನ ಅದನ್ನು ಉಜ್ಜಲು ಯಾರಿಗೂ ಬಿಡುತ್ತಿರಲಿಲ್ಲ, ಹೋಗುವ ಮುಂಚೆ ತಮ್ಮ ಕೈಗೆ ಕೊಟ್ಟರು ಎಂದರು. ಅವರ ಅಜ್ಜ ಕೊಟ್ಟದ್ದಲ್ಲವಾ ಎಂದು ಶ್ಯಾಮಸುಂದರ ಕೇಳಿದರು. ಕೇಳುವಾಗಲೇ ಉತ್ತರ ಗೊತ್ತಿತ್ತು.

“ಯಾವ ಅಜ್ಜ? ನಮ್ಮ ಶಾಮು ಮಾಡಿದ ಮೊದಲ ಕೆಲಸ ಅಂತಿದ್ರು. ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ.”

ಅಡುಗೆಮನೆಗೆ ಹೋದ ಪ್ರಭಾ ಪಾತ್ರೆ ತೊಳೆಯತೊಡಗಿದರು. ಶ್ಯಾಮಸುಂದರ ಆರು ತಪ್ಪು ತುಂಡುಗಳನ್ನು ಸಾಲಾಗಿಟ್ಟು, ಕೊನೆಗೆ ಅಮ್ಮನ ನಾಣ್ಯ ಇಟ್ಟರು. ಏಳನೆಯದು, ಪಾಸಾದದ್ದು. ಭೂತಗನ್ನಡಿ ಹಿಡಿದು ಒಂದೊಂದೇ ನೋಡುತ್ತ ಬಂದರು. ಏಳನೆಯದಾದರೂ ನೆಟ್ಟಗಿರಬೇಕಲ್ಲ. ಇರಲಿಲ್ಲ. ಆರು ಹೇಗೆ ವಾಲಿದ್ದವೋ ಏಳನೆಯದೂ ಹಾಗೇ ವಾಲಿತ್ತು, ಕೆಳಗಿನ ಒಂದು ಹಾಗೇ ಇಣುಕುತ್ತಿತ್ತು. ಚನಬಸಪ್ಪನವರಿಗೆ ಭೂತಗನ್ನಡಿ ಬೇಕಿರಲಿಲ್ಲ, ಅವರದು ಹದ್ದಿನ ಕಣ್ಣು. ನಲವತ್ತಾರು ವರ್ಷದ ಹಿಂದೆ ಆ ತುಂಡನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, ಎದುರು ನಿಂತು ನಡುಗುತ್ತಿದ್ದ ಹದಿನೆಂಟರ ಹುಡುಗನ ಕೈಯಲ್ಲಿಟ್ಟು ಅವರು ಹೇಳಿದ್ದು ಈಗ ಸ್ವರ ಸಮೇತ ವಾಪಸು ಬಂತು.

“ಸಾಕು ಬಿಡು ತಮ್ಮಾ. ಕೈ ಪಳಗತೈತಿ. ಒಯ್ದು ನಿಮ್ಮವ್ವಗ ತೋರಸು.”

ಶ್ಯಾಮಸುಂದರರಿಗೆ ಅಳು ಬಂತು. ಮೇಜಿನ ಮುಂದೆ, ಹಗಲು ಹೊತ್ತಿನಲ್ಲಿ, ಟವೆಲ್ಲನ್ನು ಮುಖಕ್ಕೆ ಹಿಡಿದು ಅತ್ತರು.

ಭಾನುವಾರ ಕ್ಲಬ್‌ಹೌಸ್ ತುಂಬಿತ್ತು. ಹಾರ ಹಾಕಿದರು, ಶಾಲು ಹೊದಿಸಿದರು. ಅಂಬರೀಶ್ ಪುಸ್ತಕ ಬಿಡುಗಡೆ ಮಾಡಿಸಿ ಮೈಕ್ ಕೊಟ್ಟ. ಶ್ಯಾಮಸುಂದರ ಜೇಬಿನಿಂದ ಕೆಂಪು ಚೀಟಿ ತೆಗೆದಾಗ ಮುಂದಿನ ಸಾಲಿನವರು ಅಭ್ಯಾಸಬಲದಿಂದ ಹಿಂದಕ್ಕೆ ಸರಿದರು. ಅವರು ಚೀಟಿಯನ್ನು ಪುಸ್ತಕದ ನಲವತ್ತೊಂದನೇ ಪುಟಕ್ಕೆ ಕಟ್ಟಿ, ಓದಿ ಹೇಳಿದರು. ದೋಷ: ಎರಡು ಎಡಕ್ಕೆ ವಾಲಿದೆ, ಕೆಳಗಿನ ಅಂಕಿ ಕಾಣುತ್ತಿದೆ. ಕೆಲಸಗಾರ: ಶ್ಯಾಮಸುಂದರ. ತಪಾಸಣೆ: ಶ್ಯಾಮಸುಂದರ. ಆಮೇಲೆ ಏಳು ನಾಣ್ಯಗಳನ್ನೂ ಬಲೆಯ ಆಚೆಗೆ ತಳ್ಳಿ, ತರಬೇತಿ ಶೆಡ್ಡಿನಿಂದ ಹಿಡಿದು ನೀಲಪ್ಪನ ಹೆಬ್ಬೆರಳಿನವರೆಗೆ ಎಲ್ಲ ಹೇಳಿದರು. ಮೈಗಳ್ಳ, ಗಮನ ಬೇರೆಲ್ಲೋ ಇದ್ದವನು ಎಂದಿದ್ದನ್ನು ಮಾತ್ರ ವಾಪಸು ತೆಗೆದುಕೊಂಡರು. ಆ ಹುಡುಗ ಮೈಗಳ್ಳನಾಗಿರಲಿಲ್ಲ, ಹೆದರಿದ್ದ ಎಂದರು.

ಹಿಂದಿನ ಸಾಲಿನಿಂದ ಯಾರೋ, ಏಳೂ ವಾಲಿದ್ದರೆ ನೀವು ಪಾಸಾದದ್ದು ಹೇಗೆ ಸಾರ್ ಎಂದು ಕೇಳಿದರು.

“ಪಾಸ್ ಮಾಡಿದ್ರು,” ಎಂದರು ಶ್ಯಾಮಸುಂದರ. ಮೈಕ್ ಕೆಳಗಿಟ್ಟು ಕೂತುಬಿಟ್ಟರು.

ಚಪ್ಪಾಳೆ ಬೀಳಬೇಕೋ ಬೇಡವೋ ಸಭೆಗೆ ಗೊತ್ತಾಗಲಿಲ್ಲ. ವಿಶ್ವನಾಥ್ ಮುಖ ಊದಿಸಿಕೊಂಡು ಒಬ್ಬರೇ ಮೆಟ್ರೋ ಹತ್ತಿದರು. ಅಂಬರೀಶ್ ಮಾತ್ರ ಎದೆಗುಂದುವ ಪೈಕಿ ಅಲ್ಲ. ಇದನ್ನೊಂದು ಲರ್ನಿಂಗ್ ಎಂದು ಕರೆದು, ಪುಟದ ಮೇಲೆ ‘ಹಿಂತೆಗೆಯಲಾಗಿದೆ’ ಎಂಬ ಚೀಟಿ ಅಂಟಿಸಲು ಸ್ವಯಂಸೇವಕರನ್ನು ನೇಮಿಸಿದ. ಮುನ್ನೂರರಲ್ಲಿ ಇನ್ನೂರ ತೊಂಬತ್ತನಾಲ್ಕಕ್ಕೆ ಅಂಟಿಸುವಷ್ಟರಲ್ಲಿ ಗೋಂದು ಮುಗಿಯಿತು. ಆ ಆರು ಪುಸ್ತಕಗಳಿಗೆ ಬಳಗದಲ್ಲಿ ಈಗ ಎಲ್ಲಿಲ್ಲದ ಬೇಡಿಕೆ. ಚೀಟಿಯಿಲ್ಲದ ಪ್ರಭೇದ ಎಂದು ಭೂತಗನ್ನಡಿ ಹಿಡಿದು ನೋಡುತ್ತಾರೆ, ಕಿತ್ತ ಚೀಟಿಯೋ ಅಂಟಿಸದ ಪುಟವೋ ಎಂದು ಜಗಳವಾಡುತ್ತಾರೆ. ತೀರ್ಪಿಗೆ ಶ್ಯಾಮಸುಂದರರ ಹತ್ತಿರ ಬಂದರೆ ಅವರು ಒಲ್ಲೆ ಎನ್ನುತ್ತಾರೆ.

ವಿಶ್ವನಾಥರ ಸಿಟ್ಟು ಮೂರು ವಾರ ಇತ್ತು. ನಾಲ್ಕನೆಯ ವಾರ ತಮ್ಮ ಹದಿನೈದನೆಯ ನಾಣ್ಯ ಹಿಡಿದುಕೊಂಡು ಮನೆಗೇ ಬಂದರು. ಶ್ಯಾಮಸುಂದರ ನಾಲ್ಕು ಕಡೆಯಿಂದ ಬೆಳಕು ಬಿಟ್ಟು ನೋಡಿದರು. ಗೀಚು. ಗೀಚು ಎಂದೇ ಹೇಳಿದರು, ಅದರಲ್ಲಿ ರಿಯಾಯಿತಿ ಇರಲಿಲ್ಲ. ಆದರೆ ಚೀಟಿಯ ಕಟ್ಟು ಹೊರಗೆ ತೆಗೆಯಲಿಲ್ಲ, ಇನ್ನೊಂದು ಕಾಫಿ ತರಿಸಿದರು. ಜೊತೆಗೆ ಬಂದ ತಟ್ಟೆಯಲ್ಲಿ ಮೈಸೂರುಪಾಕು ಇತ್ತು. ಒಂದೂ ಚೌಕ ಇರಲಿಲ್ಲ, ಇಬ್ಬರೂ ತಿಂದು ತಟ್ಟೆ ಖಾಲಿ ಮಾಡಿದರು.

ಅಮ್ಮನ ಕಾಸು ತಟ್ಟೆಗೆ ವಾಪಸು ಬಂದ ಮೊದಲ ಶುಕ್ರವಾರ ಪ್ರಭಾ ಹುಣಸೆಹಣ್ಣು ನೆನೆಸಿಕೊಂಡು ಕೂತಿದ್ದರು. ಇದನ್ನು ಇನ್ನು ಉಜ್ಜಬಹುದೋ, ಇಲ್ಲ ಅದಕ್ಕೂ ಏನಾದರೂ ನಿಯಮ ಇದೆಯೋ ಎಂದು ಗಂಡನನ್ನು ಕೇಳಿದರು. ಶ್ಯಾಮಸುಂದರ ಕಿಟಕಿಯ ಹತ್ತಿರ ನಿಂತು ಸ್ವಲ್ಪ ಹೊತ್ತು ಆ ನಾಣ್ಯ ನೋಡಿದರು.

“ಉಜ್ಜು,” ಎಂದರು. “ಆ ಎರಡರ ಹತ್ರ ಮಾತ್ರ ಸ್ವಲ್ಪ ಮೆತ್ತಗೆ.”